ಬೂತಾಯಿ ಬಟ್ಟಲಿಗೋ, ಕಾರ್ಖಾನೆಗೋ?

ಕೆಲವು ದಿನಗಳ ಹಿಂದೆ ಅರುವತ್ತು ದಾಟಿದ ಹೆಂಗಸೊಬ್ಬರು ಬಂದು, "ಡಾಕ್ಟ್ರೇ, ಹೃದಯಕ್ಕೆ ಒಳ್ಳೆಯದಂತೆ, ನನಗೂ ಒಂದು ಮೀನೆಣ್ಣೆ ಗುಳಿಗೆ ಬರೆದುಕೊಡಿ" ಎಂದರು. ಅವರದು ಕಡಲ ಬದಿಯ ಊರು. "ಮನೆಗೆ ಬೂತಾಯಿ ತರುವುದಿಲ್ಲವೇ ಅಮ್ಮ?" ಎಂದು ಕೇಳಿದೆ. "ಎಂಥ ಬೂತಾಯಿ ಮಾರಾಯ್ರೇ! ಮಕ್ಕಳು ಮುಳ್ಳು ಅಂತ ಮುಟ್ಟುವುದಿಲ್ಲ. ನೆಂಟರು ಬಂದರೆ ಬಡಿಸಲಿಕ್ಕೂ ನಾಚಿಕೆ. ಈಗ ಅಂಜಲ್, ಇಲ್ಲದಿದ್ದರೆ ಸಿಗಡಿ" ಎಂದು ನಕ್ಕರು.

ನಾನು ಗುಳಿಗೆ ಬರೆಯಲಿಲ್ಲ. ಅಮೆರಿಕದಲ್ಲಿ ಸುಮಾರು 26,000 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ವೈಟಲ್’ ಅಧ್ಯಯನದಲ್ಲಿ, ಆರೋಗ್ಯವಂತರು ನಿತ್ಯ ಒಮೆಗಾ-3 ಗುಳಿಗೆ ನುಂಗಿದ್ದರಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ತೊಂದರೆಗಳು ಒಟ್ಟಾರೆಯಾಗಿ ಗಣನೀಯವಾಗಿ ಕಡಿಮೆಯಾಗಲಿಲ್ಲ. (ವೈದ್ಯರು ಕಾರಣವಿದ್ದು ಕೊಟ್ಟ ಗುಳಿಗೆಯನ್ನು ಇದನ್ನು ಓದಿ ಯಾರೂ ನಿಲ್ಲಿಸಬಾರದು.) ಬೂತಾಯಿಯಲ್ಲಾದರೋ ಒಮೆಗಾ-3 ಜೊತೆಗೆ ಉತ್ತಮ ಪ್ರೋಟೀನು, ‘ಡಿ’ ಮತ್ತು ಬಿ-12 ಜೀವಸತ್ವಗಳಿವೆ. ಮೆತ್ತಗಿನ ಮುಳ್ಳನ್ನು ಅಗಿದು ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಅಲ್ಪಾಯುಷಿಯಾದ ಈ ಮೀನಿನಲ್ಲಿ, ಶಾರ್ಕ್‌ನಂಥ ದೊಡ್ಡ ಮೀನುಗಳಷ್ಟು ಪಾದರಸ ಸೇರಿಕೊಂಡಿರುವುದಿಲ್ಲ.

ಹಾಗಾದರೆ ನಮ್ಮ ಬಟ್ಟಲಿನಿಂದ ದೂರವಾದ ಬೂತಾಯಿ ಹೋಗುವುದೆಲ್ಲಿಗೆ? ಒಂದು ದೊಡ್ಡ ಪಾಲು ಫಿಶ್‌ಮೀಲ್ ಕಾರ್ಖಾನೆಗಳಿಗೆ. ಅಲ್ಲಿ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಪುಡಿ ಸಿಗಡಿ ಮತ್ತು ಮೀನು ಸಾಕುವ ಕೊಳಗಳಿಗೆ ಆಹಾರವಾಗಿ ಹೋಗುತ್ತದೆ. ಗುಳಿಗೆಯೊಳಗಿನ ಎಣ್ಣೆಯೂ ಹೆಚ್ಚಾಗಿ ಇಂಥ ಸಣ್ಣ ಮೀನಿನದೇ. ಬೂತಾಯಿ ಬೇಡವೆಂದವರು ಅದರ ಸಾರವನ್ನೇ ಸುತ್ತುಬಳಸಿ ಹತ್ತು ಪಟ್ಟು ಬೆಲೆಗೆ ಕೊಳ್ಳುತ್ತಿದ್ದೇವೆ.

ಇದು ನಮ್ಮ ಕರಾವಳಿಯೊಂದರ ಕತೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 2022ರಲ್ಲಿ, ಇತಿಹಾಸದಲ್ಲೇ ಮೊದಲ ಬಾರಿಗೆ, ಹಿಡಿದ ಮೀನು-ಸಿಗಡಿಗಳಿಗಿಂತ (ಸುಮಾರು 9.1 ಕೋಟಿ ಟನ್) ಸಾಕಿದವು (ಸುಮಾರು 9.4 ಕೋಟಿ ಟನ್) ಹೆಚ್ಚಾದವು. ಅದೇ ವರ್ಷ ಸುಮಾರು 1.7 ಕೋಟಿ ಟನ್ ಮೀನು ಪುಡಿ ಮತ್ತು ಎಣ್ಣೆಯಾಯಿತು. ಮಿತಿಮೀರಿ ಹಿಡಿಯಲಾಗುತ್ತಿರುವ ಮೀನು ಸಂತತಿಗಳ ಪ್ರಮಾಣ 1974ರಲ್ಲಿ ನೂರಕ್ಕೆ ಹತ್ತಿದ್ದುದು ಈಗ 35ನ್ನು ದಾಟಿದೆ.

ಸಮುದ್ರ ಮುನಿದರೆ ಏನಾಗುತ್ತದೆಂಬುದನ್ನು ಪೆರು ದೇಶ ಕಂಡಿದೆ. ಅಲ್ಲಿ 1970ರಲ್ಲಿ ಪುಡಿಗೆಂದೇ 1.2 ಕೋಟಿ ಟನ್‌ಗೂ ಹೆಚ್ಚು ಆಂಚೊವೆಟಾ ಮೀನು ಹಿಡಿದರು. 1972ರಲ್ಲಿ ಎಲ್ ನಿನೊದಿಂದ ಕಡಲು ಬಿಸಿಯಾಯಿತು. 1973ರಲ್ಲಿ ಸಿಕ್ಕಿದ್ದು 20 ಲಕ್ಷ ಟನ್‌ಗೂ ಕಡಿಮೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಕಡಲಿನ ಏರುಪೇರು ಇದಕ್ಕೆ ದೊಡ್ಡ ಕಾರಣವಿರಬಹುದು. ಆದರೆ ಕಷ್ಟಕಾಲದಲ್ಲೂ ಮರಿಗಳನ್ನು ಬಾಚಿದರೆ ಸಂತತಿ ಉಳಿಯುವುದು ಹೇಗೆ? ಮುಂದಿನ ವರ್ಷಗಳಲ್ಲಿ ಅದು ಚೇತರಿಸಿಕೊಂಡಿತೆಂಬುದು ಸಮಾಧಾನದ ಸಂಗತಿ. ಬಿಡುವು ಕೊಟ್ಟರೆ ಕಡಲು ಮತ್ತೆ ಕೊಡುತ್ತದೆ.

ಮೀನು ಸಾಕಣೆ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳೆಯುತ್ತಿರುವ ಜನಸಂಖ್ಯೆಗೆ ಅದು ಬೇಕೇ ಬೇಕು. ಕೆರೆಯ ಕಾಟ್ಲಾ, ರೋಹುಗಳು ತೌಡು, ಹಿಂಡಿ ತಿಂದೇ ಬೆಳೆಯುತ್ತವೆ. ಪುಡಿ ಬೇಕಿದ್ದರೆ ಮೀನಿನ ತಲೆ, ಮೂಳೆ, ಕರುಳುಗಳಿಂದ ಮಾಡಲಿ. ಆದರೆ ಬಡವರ ಮಗು ತಿನ್ನಬಹುದಾದ ಮೀನನ್ನು ಉಳ್ಳವರ ಸಿಗಡಿಗೆ ಉಣಿಸುವುದು ಆರೋಗ್ಯದ ಲೆಕ್ಕದಲ್ಲಿ ನಷ್ಟದ ವ್ಯಾಪಾರ. ಮೀನುಗಾರರನ್ನು ದೂರಿಯೂ ಫಲವಿಲ್ಲ. ಹೇರಳವಾಗಿ ಮೀನು ಬಿದ್ದ ದಿನ ಕೊಳ್ಳುವವರಿಲ್ಲದಿದ್ದರೆ ಅವರು ಕಾರ್ಖಾನೆಗೆ ಕೊಡದೆ ಏನು ಮಾಡಿಯಾರು? ಬಂದರುಗಳಲ್ಲಿ ಸಾಕಷ್ಟು ಮಂಜುಗಡ್ಡೆ ಮತ್ತು ಶೀತಲಗೃಹಗಳಿದ್ದರೆ ಆ ಮೀನು ಒಳನಾಡಿಗೂ ತಲುಪೀತು.

ನಮ್ಮ ಕೈಯಲ್ಲಿರುವುದೂ ಇದೆ. ಮೀನು ತಿನ್ನುವ ಮನೆಯವರು ವಾರಕ್ಕೆರಡು ಸಲ ಬೂತಾಯಿ, ಬಂಗುಡೆಯಂಥ ಮೀನು ತನ್ನಿ. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಪುಳಿಮುಂಚಿ ಮಾಡಿ. ಕಿರುಬೆರಳುದ್ದದ ಬೂತಾಯಿ ಮರಿಗಳನ್ನು ಕೊಳ್ಳಬೇಡಿ. ಕೇರಳದ ಕಾನೂನು ಹತ್ತು ಸೆಂಟಿಮೀಟರ್‌ಗಿಂತ ಸಣ್ಣದನ್ನು ಹಿಡಿಯುವುದನ್ನೇ ನಿಷೇಧಿಸಿದೆ. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ಮೀನು ಸಿಗದಿದ್ದರೆ ಗೊಣಗಬೇಡಿ. ಗೌಟ್ ಅಥವಾ ಮೀನಿನ ಅಲರ್ಜಿ ಇರುವವರು ವೈದ್ಯರನ್ನು ಕೇಳಿಕೊಳ್ಳಲಿ.

ಆ ಹೆಂಗಸಿಗೂ ಇದನ್ನೇ ಹೇಳಿ ಕಳಿಸಿದೆ. ಮೊನ್ನೆ ಮತ್ತೆ ಬಂದಿದ್ದರು. "ಮೊಮ್ಮಗ ಎರಡು ತಿಂದ ಡಾಕ್ಟ್ರೇ, ಮುಳ್ಳು ನಾನೇ ಬಿಡಿಸಿಕೊಟ್ಟೆ" ಎಂದರು. ನೆಂಟರಿಗೂ ಬಡಿಸಿ ಎಂದೆ.