ಹೊನ್ನು ಕಂಡವನ ಹಕ್ಕು

ಇಂದು ತೆಲಂಗಾಣಕ್ಕೆ ಸೇರಿದ ಗದ್ವಾಲ, ನಾರಾಯಣಪೇಟೆಗಳನ್ನು ನಮ್ಮ ಜನ ಸೀರೆಗಳಿಂದ ಬಲ್ಲರು. ಆದರೆ ಆ ಜರಿಯಂಚಿನ ಊರುಗಳ ನೆಲದಡಿಯ ಶಿಲೆಗಳ ವಿಷಯವನ್ನು ಭೂವಿಜ್ಞಾನಿಗಳನ್ನುಳಿದು ಬಲ್ಲವರು ವಿರಳ. ಗದ್ವಾಲ ಸೀಮೆಯ ಶಿಲಾಪಟ್ಟಿಯು ರಾಯಚೂರು ಜಿಲ್ಲೆಯ ಹಟ್ಟಿಯ ಸುವರ್ಣಶಿಲೆಗಳ ಜಾತಿಗೇ ಸೇರಿದುದು. ಮಕ್ತಲ್, ನಾರಾಯಣಪೇಟೆ, ಕೋಟಕೊಂಡಗಳ ಪರಿಸರದಲ್ಲಿ ವಜ್ರದ ಮಾತೃಶಿಲೆಯೆನಿಸಿದ ಕಿಂಬರ್ಲೈಟುಗಳು ದೊರೆತಿವೆ. 1956ರ ಪುನರ್ವಿಂಗಡಣೆಯವರೆಗೆ ಗದ್ವಾಲವು ರಾಯಚೂರು ಜಿಲ್ಲೆಯ ಅಂಗವಾಗಿತ್ತು; ಕೃಷ್ಣಾತೀರದ ಹಳ್ಳಿಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತಾದವರು ಬಹುಮಂದಿ. ಆದ್ದರಿಂದ ಈ ನೆಲದ ನಿಧಿಯನ್ನು ಹುಡುಕಿದವನಿಗೂ ಅದರ ಮೇಲೆ ಬಾಳುವವನಿಗೂ ಸಲ್ಲಬೇಕಾದುದೇನೆಂಬ ಪ್ರಶ್ನೆ ನಮಗೆ ಪರಕೀಯವಲ್ಲ.

ಈ ಸೀಮೆ ಹಿಂದೊಮ್ಮೆ ಘೋರವಾಗಿ ವಂಚಿತವಾಯಿತು. 1886ರಲ್ಲಿ ಹೈದರಾಬಾದಿನ ನಿಜಾಮ ಸರಕಾರವು ತನ್ನ ಸಮಸ್ತ ರಾಜ್ಯದ ಖನಿಜಗಳನ್ನು ಶೋಧಿಸುವ ಹಕ್ಕನ್ನು ವಾಟ್ಸನ್ ಮತ್ತು ಸ್ಟುವರ್ಟ್ ಎಂಬಿಬ್ಬರು ಆಂಗ್ಲರಿಗೆ ಬರೆದುಕೊಟ್ಟಿತು. ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡುಗಳ ಬಂಡವಾಳವೆಂದು ಘೋಷಿಸಿ ಒಂದು ಕಂಪನಿ ಎದ್ದಿತು. ಆದರೆ ತಲಾ ಹತ್ತು ಪೌಂಡಿನ ಒಂದು ಲಕ್ಷ ಷೇರುಗಳಲ್ಲಿ 85,000ವನ್ನು ಗುತ್ತಿಗೆದಾರರೇ, ಗುದ್ದಲಿಯ ಒಂದೇಟನ್ನೂ ಹಾಕುವ ಮುನ್ನ, ತಮ್ಮ ಹಕ್ಕಿನ ಬೆಲೆಯೆಂದು ಎತ್ತಿಕೊಂಡರು. ರಾಜ್ಯದ ಹಿತವನ್ನು ಕಾಯಲೆಂದು ಲಂಡನ್ನಿಗೆ ಹೋಗಿದ್ದ ಸರ್ದಾರ್ ಅಬ್ದುಲ್ ಹಕ್ ಎಂಬ ಉನ್ನತಾಧಿಕಾರಿ ಒಳಗೊಳಗೇ ಆ ಲಾಭದ ಪಾಲುದಾರನಾಗಿ, ತನ್ನ ಷೇರುಗಳನ್ನೇ ತನ್ನ ಒಡೆಯನ ಸರಕಾರದಿಂದ ಅಧಿಕ ಬೆಲೆಗೆ ಕೊಳ್ಳಿಸಿದನೆಂಬುದು ಬಯಲಾದಾಗ ಸಂಸ್ಥಾನವೇ ತಲ್ಲಣಿಸಿತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ವಿಶೇಷ ಸಮಿತಿ ಈ ವ್ಯವಹಾರವನ್ನು ವಿಚಾರಿಸಿತು. ಅಬ್ದುಲ್ ಹಕ್ ಅಧಿಕಾರದಿಂದ ಇಳಿಯಬೇಕಾಯಿತು. ಕಾವಲಿಗೆ ನಿಂತವನೇ ಕಣಜವನ್ನು ಮಾರಿದ ಇಂಥ ದ್ರೋಹಕ್ಕೆ ವ್ಯಕ್ತಿಯೊಬ್ಬನ ಪತನವು ತಕ್ಕ ಪ್ರಾಯಶ್ಚಿತ್ತವೆಂದು ನಾನು ತಿಳಿಯಲಾರೆ. ಏಕೆಂದರೆ ಆ ವಿಚಾರಣೆಯಲ್ಲಿ ಷೇರುದಾರರ ಹಣದ ಮಾತು ಬಂದಿತೇ ಹೊರತು ರಾಯಚೂರು, ಗದ್ವಾಲಗಳ ರೈತನ ಹಕ್ಕಿನ ಮಾತು ವಿಷಯವಾಗಲೇ ಇಲ್ಲ.

ಹೊನ್ನನ್ನು ಮೊದಲು ಕಂಡವರಾದರೂ ಈ ನೆಲದವರೇ. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹೆಸರಿಲ್ಲದ ಕುಶಲಿಗಳು ಬೆಂಕಿಯಿಂದ ಬಂಡೆಯನ್ನು ಸೀಳುತ್ತ 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರು. ಕೋಲಾರದಲ್ಲಿ 1802ರಲ್ಲಿ ಲೆಫ್ಟಿನೆಂಟ್ ವಾರನ್ನನಿಗೆ ಮಣ್ಣು ತೊಳೆದು ಚಿನ್ನದ ಕಣವನ್ನು ತೋರಿಸಿದವರು ಅಲ್ಲಿಯ ಹಳ್ಳಿಗರು; ಅವನ ಬರಹವನ್ನೋದಿ ಬಂದ ಲವೆಲ್ ಎಂಬ ನಿವೃತ್ತ ಸೈನಿಕನ ಹೆಸರು ಬೆಂಗಳೂರಿನ ರಸ್ತೆಯೊಂದಕ್ಕೆ ಉಳಿಯಿತು, ಹಳ್ಳಿಗರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಸ್ವತಂತ್ರ ಭಾರತದ 1957ರ ಗಣಿ ಮತ್ತು ಖನಿಜ ಕಾಯಿದೆಯು ಶೋಧಿಸಿದವನಿಗೆ ಗಣಿ ಗುತ್ತಿಗೆಯಲ್ಲಿ ಆದ್ಯತೆಯನ್ನು ಕೊಟ್ಟಿತ್ತು. 2015ರ ತಿದ್ದುಪಡಿ ಹರಾಜನ್ನು ತಂದಾಗಲೂ ಹಳೆಯ ಶೋಧಕರ ಹಕ್ಕನ್ನು ಉಳಿಸಿತು; 2021ರ ತಿದ್ದುಪಡಿಯಾದರೋ ಬಾಕಿಯಿದ್ದ ಅಂಥ ಹಕ್ಕುಗಳನ್ನು ಶೋಧನೆಯ ವೆಚ್ಚವನ್ನು ಮರಳಿಸುವ ಮಾತಿನೊಡನೆ ಅಳಿಸಿಹಾಕಿತು. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ವರ್ಷಗಟ್ಟಲೆ ಚಿನ್ನವನ್ನು ಶೋಧಿಸಿದ ಸಂಸ್ಥೆ ತನ್ನ ಹಕ್ಕನ್ನು ಮರಳಿ ಪಡೆಯಲು ನ್ಯಾಯಾಲಯದ ಮೆಟ್ಟಿಲನ್ನು ಏರಬೇಕಾಯಿತು. ಹರಾಜಿನಿಂದ ಬೊಕ್ಕಸ ತುಂಬೀತು, ಪಕ್ಷಪಾತ ತಗ್ಗೀತು, ಒಪ್ಪುತ್ತೇನೆ. ಆದರೆ ರಾಜ್ಯವೇ ಕೊಟ್ಟ ಮಾತನ್ನು ರಾಜ್ಯವೇ ಹಿಂತೆಗೆದುಕೊಳ್ಳುವುದು ನ್ಯಾಯವಲ್ಲ.

ನಾಳೆ ಗದ್ವಾಲದ ಚಿನ್ನವೋ ನಾರಾಯಣಪೇಟೆಯ ವಜ್ರವೋ ಹರಾಜಿಗೆ ಬಂದೀತು. ಅದಕ್ಕೆ ಮುನ್ನ ತೆಲಂಗಾಣ ಸರಕಾರವು ಆಯಾ ಹಳ್ಳಿಗಳಿಗೆ ತೆಲುಗಿನಲ್ಲಿಯೂ, ಕನ್ನಡ ಬಳಸುವ ಊರುಗಳಲ್ಲಿ ಕನ್ನಡದಲ್ಲಿಯೂ ವಿಷಯವನ್ನು ಸಾರಿ ಹೇಳಲಿ. ಹೊಲದೊಡೆಯನ ಪರಿಹಾರವನ್ನು ಗುದ್ದಲಿ ಬೀಳುವ ಮುಂಚೆಯೇ ನಿಶ್ಚಯಿಸಲಿ. ರಾಜಧನದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲುವ ಹಣವನ್ನು ಜಿಲ್ಲಾ ಕೇಂದ್ರದ ಕಟ್ಟಡಗಳಿಗಲ್ಲದೆ ಗಣಿಯ ಮಗ್ಗುಲಿನ ಬಾವಿಗೂ ಶಾಲೆಗೂ ವ್ಯಯಿಸಲಿ. ಅಲ್ಲಿಯ ಗ್ರಾಮಸಭೆಗಳು ಇದನ್ನು ಈಗಲೇ ಲಿಖಿತವಾಗಿ ಕೇಳತಕ್ಕದ್ದು.