ಸುತ್ತಿಸಿದ ಮೋಟಾರನ್ನು ಪರೀಕ್ಷಿಸದೆ ಮನೆಗೆ ತರಬೇಡಿ

ಅಡಿಕೆ ತೋಟಕ್ಕೆ ನೀರು ಅತಿ ಹೆಚ್ಚು ಬೇಕಾಗುವುದು ಮಾರ್ಚಿಯಿಂದ ಮೇ ತಿಂಗಳವರೆಗೆ. ಲೋ ವೋಲ್ಟೇಜು, ಗುಡುಗು ಸಿಡಿಲು, ದಿನವಿಡೀ ಓಡುವ ಪಂಪು ಇವೆಲ್ಲ ಒಟ್ಟಾಗಿ ಮೋಟಾರಿನ ಮೇಲೆ ಬೀಳುವುದೂ ಇದೇ ದಿನಗಳಲ್ಲಿ. ನೆಲ್ಯಾಡಿ ಸೀಮೆಯ ಕೃಷಿಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಿರಾಡಿ ಘಾಟಿಯ ಕೆಳಗಿನ ಈ ಪ್ರದೇಶದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೂ, ಡಿಸೆಂಬರಿನಿಂದ ಮುಂದೆ ತೋಟವನ್ನು ಉಳಿಸುವುದು ಪಂಪೇ.

ಬೇಸಾಯಶಾಸ್ತ್ರದವನಿಗೆ ಮೋಟಾರಿನ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣ ತೋಟದಲ್ಲಿಯೇ ಇದೆ. ಬೇಸಗೆಯ ಮೂರು ತಿಂಗಳು ಮೂರರಿಂದ ಐದು ದಿನಗಳಿಗೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರು ನೀರು ಕೊಡಬೇಕೆಂಬುದು ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಎಕರೆಗೆ 550 ಮರಗಳೆಂದು ಹಿಡಿದರೆ ಒಂದು ಸರದಿಗೆ 96,000 ಲೀಟರು. ಮೋಟಾರು ಸುಟ್ಟು, ಕಾಯಿಲ್ ಕಟ್ಟಿಸಿ ತರುವಷ್ಟರಲ್ಲಿ ಎರಡು ಸರದಿ ತಪ್ಪುತ್ತದೆ. ತಂದ ಮೋಟಾರು ಹದಿನೈದು ದಿನಗಳಲ್ಲಿ ಮತ್ತೆ ಸುಟ್ಟರೆ ಇನ್ನೆರಡು ಸರದಿ. ನಳ್ಳಿ ಉದುರುವುದು ಕಣ್ಣಿಗೆ ಕಾಣುವ ನಷ್ಟ ಮಾತ್ರ. ನೀರಿಲ್ಲದೆ ಸೊರಗಿದ ಅಡಿಕೆ ಮರ ಮೊದಲಿನ ಚೈತನ್ಯಕ್ಕೂ ಇಳುವರಿಗೂ ಮರಳಲು ಎರಡು ಮೂರು ವರ್ಷಗಳೇ ಬೇಕಾಗುತ್ತವೆ. ಹತ್ತು ಎಚ್.ಪಿ.ವರೆಗಿನ ಪಂಪಿಗೆ ಕರೆಂಟು ಉಚಿತವಿರಬಹುದು. ಮರ ಕಳೆದುಕೊಂಡ ವರ್ಷಗಳನ್ನು ಯಾರೂ ಉಚಿತವಾಗಿ ಕೊಡುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹೊಸದಾಗಿ ಸುತ್ತಿಸಿದ ಮೋಟಾರನ್ನು ಸರ್ಜ್ ಪರೀಕ್ಷೆ ಮಾಡಿಸದೆ ತೋಟಕ್ಕೆ ಇಳಿಸಬಾರದು. ಈ ಪರೀಕ್ಷೆ ನಮ್ಮ ಹಳ್ಳಿಗಳಿಗೆ ಎಟಕುವಂತೆ ಮಾಡುವ ಹೊಣೆಯನ್ನು ಸಹಕಾರಿ ಸಂಘಗಳು ಹೊರಬೇಕು.

ಮೆಗ್ಗರ್ ಹೇಳದ ಸಂಗತಿ

ಇಂದು ವೈಂಡಿಂಗ್ ಅಂಗಡಿಯಲ್ಲಿ ಸಾಮಾನ್ಯವಾಗಿ ಮಾಡುವುದು ಮೆಗ್ಗರ್ ಪರೀಕ್ಷೆ. ಇದು ತಾಮ್ರದ ತಂತಿಗೂ ಮೋಟಾರಿನ ಕಬ್ಬಿಣದ ಮೈಗೂ ನಡುವೆ ಇರುವ ನಿರೋಧಕ ಹೊದಿಕೆ ಸರಿಯಿದೆಯೇ ಎಂದು ತಿಳಿಸುತ್ತದೆ. ಪರೀಕ್ಷೆ ಒಳ್ಳೆಯದೇ. ಹೊಸದಾಗಿ ಸುತ್ತಿದ ಮೋಟಾರಿನಲ್ಲಿ ಇದು ಐದು ಮೆಗಾ ಓಮ್‌ಗಿಂತ ಹೆಚ್ಚು ತೋರಿಸಬೇಕು. ಆದರೆ ಒಂದು ಸುತ್ತಿಗೂ ಅದರ ಪಕ್ಕದ ಸುತ್ತಿಗೂ ನಡುವೆ ಇರುವ ತೆಳ್ಳನೆಯ ಎನಾಮೆಲ್ ಲೇಪದ ಬಗ್ಗೆ ಮೆಗ್ಗರ್ ಏನನ್ನೂ ಹೇಳುವುದಿಲ್ಲ. ತಂತಿಯನ್ನು ಸ್ಲಾಟಿನೊಳಗೆ ತುರುಕುವಾಗ ಲೇಪ ಉಜ್ಜಿಹೋಗುವುದು ಸುಲಭ. ಹಾಗೆ ಉಜ್ಜಿದ ಕಡೆ ಎರಡು ಸುತ್ತುಗಳು ಒಂದಾದರೆ ಆ ಸಣ್ಣ ಉಂಗುರದೊಳಗೆ ಭಾರಿ ಕರೆಂಟು ಹರಿದು, ಅಲ್ಲಿಯೇ ಕಾದು, ಪಕ್ಕದ ಸುತ್ತುಗಳನ್ನೂ ಸುಡುತ್ತದೆ. ಸುಟ್ಟ ಮೇಲೆ ಕಾಯಿಲೆಲ್ಲ ಕಪ್ಪಾಗಿರುತ್ತದೆ. ಮೊದಲು ಹತ್ತಿದ್ದು ಎಲ್ಲಿ ಎಂಬುದು ಕಾಣುವುದಿಲ್ಲ.

ಮೋಟಾರು ಓಡುತ್ತಿರುವಾಗ ಪಕ್ಕಪಕ್ಕದ ಸುತ್ತುಗಳ ನಡುವೆ ಸಾಮಾನ್ಯವಾಗಿ ಇರುವುದು ಕೆಲವೇ ವೋಲ್ಟು. ಅದಕ್ಕಾಗಿಯೇ ದುರ್ಬಲವಾದ ಕಾಯಿಲೂ ಅಂಗಡಿಯಲ್ಲಿ ಚೆನ್ನಾಗಿ ಓಡುತ್ತದೆ. ಸಿಡಿಲಿನ ಕತೆ ಬೇರೆ. ಏಪ್ರಿಲ್ ಮೇ ತಿಂಗಳ ಸಂಜೆಯ ಗುಡುಗಿನಲ್ಲಿ ಸಿಡಿಲು ಮೋಟಾರಿಗೇ ಬಡಿಯಬೇಕೆಂದಿಲ್ಲ. ಲೈನಿನ ಹತ್ತಿರ ಎಲ್ಲಿಯಾದರೂ ಬಿದ್ದರೂ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆಯೊಂದು ಕ್ಷಣಾರ್ಧದಲ್ಲಿ ಹರಿದು ಬರುತ್ತದೆ. ಈ ಅಲೆ ಕಾಯಿಲಿನುದ್ದಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಕರೆಂಟು ಒಳಹೋಗುವ ಬಾಯಿಯ ಮೊದಲ ಕೆಲವು ಸುತ್ತುಗಳ ಮೇಲೆಯೇ ಅದರ ಹೆಚ್ಚಿನ ಪೆಟ್ಟು ಬೀಳುತ್ತದೆ. ಉಜ್ಜಿದ ಎನಾಮೆಲ್ ಇದ್ದರೆ ಕಿಡಿ ಹಾರುವುದು ಅಲ್ಲಿಯೇ.

ಸರ್ಜ್ ಪರೀಕ್ಷೆ ಎಂದರೇನು?

ಲೈನಿನಲ್ಲಿ ಬರುವ ಅಲೆಯಂಥದನ್ನೇ ಅಳತೆಗೆ ತಕ್ಕಂತೆ ತಯಾರಿಸಿ ಕಾಯಿಲಿಗೆ ಕೊಟ್ಟು ನೋಡುವುದೇ ಸರ್ಜ್ ಪರೀಕ್ಷೆ. ಇದರ ಬಗ್ಗೆ ಅಮೆರಿಕದ ಎಂಜಿನಿಯರ್ ರೈಲ್ಯಾಂಡರ್ 1926ರಲ್ಲಿಯೇ ಬರೆದಿದ್ದರು. ಉಪಕರಣದೊಳಗಿನ ಕಂಡೆನ್ಸರನ್ನು ಚಾರ್ಜು ಮಾಡಿ ಒಮ್ಮೆಲೇ ಕಾಯಿಲಿನೊಳಗೆ ಬಿಡುತ್ತಾರೆ. ಗಂಟೆಗೆ ಬಡಿದಾಗ ನಾದ ಮೊಳಗಿ ಕ್ರಮೇಣ ಅಡಗುವಂತೆ, ವೋಲ್ಟೇಜು ಏರಿಳಿದು ಅಡಗುವ ಗೆರೆಯೊಂದು ಪರದೆಯ ಮೇಲೆ ಮೂಡುತ್ತದೆ. ತ್ರೀ ಫೇಸ್ ಮೋಟಾರಿನ ಮೂರು ಫೇಸುಗಳೂ ಒಂದೇ ತೆರನಾಗಿ ಸುತ್ತಿದವು. ಆದ್ದರಿಂದ ಮೂರು ಗೆರೆಗಳೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಒಂದು ಫೇಸಿನ ಸುತ್ತುಗಳು ಒಳಗೊಳಗೇ ಒಂದಾಗಿದ್ದರೆ ಆ ಗೆರೆಯ ಏರಿಳಿತ ಬೇಗಬೇಗನಾಗಿ, ಉಳಿದವುಗಳಿಂದ ಎಡಕ್ಕೆ ಸರಿಯುತ್ತದೆ. ಒಡಕು ಗಂಟೆಯ ನಾದ ಬೇರೆಯಾದಂತೆಯೇ ಇದು. ಓದು ಬಾರದವರೂ ಆ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು.

ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಹೋಗಬೇಕು. ಮೋಟಾರಿನ ವೋಲ್ಟೇಜಿನ ಎರಡರಷ್ಟಕ್ಕೆ ಒಂದು ಸಾವಿರ ಕೂಡಿಸಿ ಮಿತಿ ಹಾಕಿಕೊಳ್ಳುವುದು ರೂಢಿ. ನಮ್ಮ 415 ವೋಲ್ಟಿನ ಮೋಟಾರಿಗೆ ಇದು 1,830 ವೋಲ್ಟು. ರೋಟರನ್ನು ಹಾಕುವ ಮೊದಲು, ವಾರ್ನಿಷ್ ಎರೆಯುವ ಮೊದಲು ಈ ಪರೀಕ್ಷೆ ಮಾಡುವುದು ಉತ್ತಮ. ರೋಟರ್ ಒಳಗಿದ್ದರೆ ಒಳ್ಳೆಯ ಕಾಯಿಲಿನ ಗೆರೆಗಳೂ ಹೆಚ್ಚುಕಡಿಮೆಯಾಗಿ ಕಾಣಬಹುದು. ವಾರ್ನಿಷ್ ಒಣಗುವ ಮೊದಲೇ ದೋಷ ಸಿಕ್ಕಿದರೆ ಆ ಒಂದು ಕಾಯಿಲನ್ನಷ್ಟೇ ಬದಲಾಯಿಸಿದರೆ ಸಾಕು.

ಆಕ್ಷೇಪಣೆಗಳು

ಇಷ್ಟು ವೋಲ್ಟು ಕೊಟ್ಟರೆ ಒಳ್ಳೆಯ ಕಾಯಿಲೂ ಹಾಳಾಗದೇ ಎಂದು ಕೆಲವರು ಕೇಳುವುದುಂಟು. ಮಿತಿಯೊಳಗೆ ಮಾಡಿದ ಪರೀಕ್ಷೆಯನ್ನು ಸರಿಯಾದ ಕಾಯಿಲು ತಾಳಿಕೊಳ್ಳುತ್ತದೆ. ತಾಳದ ಕಾಯಿಲು ಅಂಗಡಿಯಲ್ಲಿ ಸೋತರೆ ನಿಮಗೇ ಲಾಭ. ಆದರೆ ಹಳೆಯ ಮೋಟಾರಿಗೆ ಇದೇ ಪೂರ್ಣ ವೋಲ್ಟೇಜನ್ನು ಕೊಡಬಾರದು, ಮತ್ತೆ ಮತ್ತೆ ಪರೀಕ್ಷಿಸುತ್ತಲೂ ಇರಬಾರದು. ಇದು ತರಬೇತಿ ಪಡೆದವರ ಕೆಲಸ. ತೋಟದ ಶೆಡ್ಡಿನಲ್ಲಿ ಪ್ರಯೋಗ ಮಾಡುವಂಥದಲ್ಲ.

ಎರಡನೆಯ ಆಕ್ಷೇಪಣೆ ಖರ್ಚಿನದು. ವೈಂಡಿಂಗ್ ಅಂಗಡಿಯ ಒಬ್ಬ ಕುಶಲಕರ್ಮಿ ಈ ಉಪಕರಣವನ್ನು ತನ್ನ ಸಂಪಾದನೆಯಿಂದ ಕೊಳ್ಳಬೇಕೆಂದು ನಾನು ಹೇಳಲಾರೆ. ಗೊಬ್ಬರ, ಮೈಲುತುತ್ತು ಸಂಘದ ಮೂಲಕ ತರಿಸಿಕೊಳ್ಳುವ ನಾವು ಪರೀಕ್ಷಾ ಉಪಕರಣವೊಂದನ್ನು ಏಕೆ ತರಿಸಬಾರದು? ಅಡಿಕೆ ಮಾರಾಟಕ್ಕಾಗಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ ಜಿಲ್ಲೆ ನಮ್ಮದು. ನಾಲ್ಕೈದು ಗ್ರಾಮಗಳ ಸಂಘಗಳು ಸೇರಿ ಒಂದು ಉಪಕರಣ ಕೊಂಡು, ಒಬ್ಬ ಐ.ಟಿ.ಐ. ಕಲಿತ ಯುವಕನಿಗೆ ತರಬೇತಿ ಕೊಡಿಸಿ, ಪರೀಕ್ಷೆಗೆ ಸಣ್ಣ ಶುಲ್ಕ ಇಟ್ಟರೆ ಅಂಗಡಿಯವರಿಗೂ ಕೃಷಿಕರಿಗೂ ಅನುಕೂಲ. ಈಗ ಮೋಟಾರು ಎರಡನೆಯ ಸಲ ಸುಟ್ಟಾಗ ಅಂಗಡಿಯವರು ವೋಲ್ಟೇಜಿನ ದೋಷವೆನ್ನುತ್ತಾರೆ, ಕೃಷಿಕರು ಕಾಯಿಲಿನ ದೋಷವೆನ್ನುತ್ತಾರೆ. ಯಾರ ಬಳಿಯೂ ಸಾಕ್ಷಿಯಿಲ್ಲ. ಮೂರು ಗೆರೆಗಳು ಕೂಡಿದ ಚಿತ್ರದ ಪ್ರತಿ ಇದ್ದರೆ, ಮೋಟಾರು ಅಂಗಡಿ ಬಿಡುವಾಗ ಕಾಯಿಲು ಹೇಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಒಳ್ಳೆಯ ಕೆಲಸಗಾರನ ಹೆಸರನ್ನು ಅದು ಕಾಪಾಡುತ್ತದೆ.

ಅಲ್ಲಿಯವರೆಗೆ ನೀವು ಮಾಡಬೇಕಾದುದು

1. ಹಳೆಯ ಕಾಯಿಲನ್ನು ತೆಗೆಯಲು ಸ್ಟೇಟರಿಗೆ ಬೆಂಕಿ ಹಚ್ಚಿ ಸುಡದಂತೆ ಮೊದಲೇ ಹೇಳಿ. ಅತಿ ಕಾವಿಗೆ ಕಬ್ಬಿಣದ ಹಾಳೆಗಳ ನಡುವಿನ ಲೇಪ ಹೋದರೆ ಮೋಟಾರು ಸದಾ ಬಿಸಿಯಾಗುತ್ತದೆ.

2. ಮೂರು ಫೇಸುಗಳ ರೆಸಿಸ್ಟೆನ್ಸನ್ನೂ, ಭಾರವಿಲ್ಲದೆ ಓಡುವಾಗಿನ ಮೂರು ಫೇಸುಗಳ ಕರೆಂಟನ್ನೂ ಅಳೆದು ಬರೆದುಕೊಡಲು ಕೇಳಿ. ಇವು ಬಹುಮಟ್ಟಿಗೆ ಸಮನಾಗಿರಬೇಕು. ದೊಡ್ಡ ದೋಷ ಇಲ್ಲಿಯೇ ಸಿಕ್ಕಿಬೀಳುತ್ತದೆ. ಸಣ್ಣ ದೋಷಕ್ಕೆ ಸರ್ಜ್ ಪರೀಕ್ಷೆಯೇ ಬೇಕು.

3. ಕೊಳವೆ ಬಾವಿಯ ನೀರು ತುಂಬುವ ಸಬ್‌ಮರ್ಸಿಬಲ್ ಮೋಟಾರಿನ ವೈಂಡಿಂಗನ್ನು ನೀರಿನಲ್ಲಿ ಮುಳುಗಿಸಿಟ್ಟು ಮೆಗ್ಗರ್ ಹಿಡಿಸಿ.

4. ಮಳೆಗಾಲವಿಡೀ ಸುಮ್ಮನಿದ್ದ ಮೋಟಾರು ತೇವ ಹೀರಿರುತ್ತದೆ. ಡಿಸೆಂಬರಿನಲ್ಲಿ ಮೆಗ್ಗರ್ ಹಿಡಿಯದೆ ಸ್ಟಾರ್ಟರ್ ಒತ್ತಬೇಡಿ.

5. ಒಳ್ಳೆಯ ಕಾಯಿಲನ್ನೂ ಕೆಟ್ಟ ಕರೆಂಟು ಸುಡಬಲ್ಲದು. ಲೈನಿನ ಮೇಲೆ ಸೋಗೆ ಬಿದ್ದು ಒಂದು ಫೇಸ್ ಹೋದಾಗ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರ್, ಸರಿಯಾದ ಓವರ್‌ಲೋಡ್ ರಿಲೇ, ಸಿಡಿಲಿನ ಅಲೆ ತಡೆಯುವ ಅರೆಸ್ಟರ್, ಗಟ್ಟಿಯಾದ ಅರ್ಥಿಂಗ್ ಇವು ಶೆಡ್ಡಿನಲ್ಲಿ ಇರಲೇಬೇಕು.

ಬಿತ್ತನೆ ಬೀಜವನ್ನು ಮೊಳಕೆ ಪರೀಕ್ಷೆ ಮಾಡದೆ ಬಿತ್ತಬಾರದೆಂದು ನಾವು ಹಿಂದಿನಿಂದಲೂ ಹೇಳುತ್ತ ಬಂದಿದ್ದೇವೆ, ನೀವೂ ಒಪ್ಪಿದ್ದೀರಿ. ನೀರೆತ್ತುವ ಯಂತ್ರಕ್ಕೂ ಅದೇ ನಿಯಮ ಸಲ್ಲಬೇಕು. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ಮಾರ್ಚಿ ಬಂದ ಮೇಲೆ ಎತ್ತಿದರೆ ಆ ವರ್ಷದ ಬೆಳೆಗೆ ಉಪಯೋಗವಾಗದು.