ಸೂರ್ಯನಿಗೆ ನೆಲವುಂಟೆ?



ಮಂಗಳೂರಿನ ಬಂದರ್‌ನಲ್ಲಿ ಸಂಜೆ ಪಶ್ಚಿಮಕ್ಕೆ ಮುಖಮಾಡಿ ನಿಂತವರಿಗೆ, ಹೊಳೆಯಾಚೆಯ ಬೆಂಗ್ರೆಯ ತೆಂಗಿನ ಸಾಲಿನ ಹಿಂದೆ ಇಳಿಯುವ ಸೂರ್ಯನ ಅಂಚು ಕಂಚಿನ ತಟ್ಟೆಯ ಅಂಚಿನಷ್ಟು ಸ್ಪಷ್ಟವಾಗಿ ತೋರುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಈ ನಗರದವರು ಕಂಡ ಬೆಳಕಿನ ಬಳೆಯ ಅಂಚೂ ಅಷ್ಟೇ ಖಚಿತವಾಗಿತ್ತು. ಹಾಗಾದರೆ ಸೂರ್ಯನಿಗೆ ಭೂಮಿಯಂತೆ ಗಟ್ಟಿ ನೆಲವುಂಟೆ? ಮಕ್ಕಳು ಹೀಗೆ ಕೇಳಿದಾಗ ‘ಇಲ್ಲ, ಅದು ಬರಿಯ ಅನಿಲ’ ಎಂದು ಹಿರಿಯರು ಮಾತು ಮುಗಿಸಿಬಿಡುವುದುಂಟು. ಕಣ್ಣಾರೆ ಕಂಡ ಅಂಚು ಸುಳ್ಳೆ ಎಂಬ ಸಂದೇಹ ಮಗುವಿನ ಮನದಲ್ಲಿ ಉಳಿದುಬಿಡುತ್ತದೆ.

ಸೂರ್ಯನಲ್ಲಿ ಕಾಲೂರುವ ನೆಲವಿಲ್ಲವೆಂಬುದು ನಿಶ್ಚಯ. ಗಟ್ಟಿಯಾದ ಗೋಳದ ಎಲ್ಲ ಭಾಗಗಳೂ ಒಂದೇ ಅವಧಿಯಲ್ಲಿ ಸುತ್ತು ಮುಗಿಸಬೇಕು. ಸೂರ್ಯನ ಮಧ್ಯರೇಖೆಯ ಭಾಗವಾದರೋ ಸುಮಾರು 25 ದಿನಗಳಲ್ಲಿ, ಧ್ರುವಗಳ ಬಳಿಯ ಭಾಗ ಸುಮಾರು 35 ದಿನಗಳಲ್ಲಿ ಒಂದು ಸುತ್ತು ಬರುತ್ತವೆ. 1909ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಜಾನ್ ಎವರ್ಷೆಡ್ ಎಂಬ ವಿಜ್ಞಾನಿ, ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಆ ವೀಕ್ಷಣಾಲಯವನ್ನು ಇಂದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ನಡೆಸುತ್ತಿದೆ.

ಹಾಗಿದ್ದೂ ಅಂಚು ಕಾಣುವುದೇಕೆ? ಸೂರ್ಯನ ಒಳಭಾಗದ ಅನಿಲವು ಬೆಳಕನ್ನು ನೇರವಾಗಿ ಹೊರಹೋಗಗೊಡದಷ್ಟು ಅಪಾರದರ್ಶಕ. ಹೊರಗಿನ ಅನಿಲವು ಬೆಳಕನ್ನು ತಡೆಯಲಾರದಷ್ಟು ವಿರಳ. ಇವೆರಡರ ನಡುವೆ, ಬೆಳಕು ಬಿಡುಗಡೆಗೊಳ್ಳುವ ಕೆಲವು ನೂರು ಕಿಲೋಮೀಟರ್ ದಪ್ಪದ ಪದರವೊಂದಿದೆ. ಅದಕ್ಕೆ ದ್ಯುತಿಗೋಳವೆಂದು ಹೆಸರು. ಅಲ್ಲಿಯ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಸಾಂದ್ರತೆಯಾದರೋ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ಕಡಿಮೆ. ಸುಮಾರು 7 ಲಕ್ಷ ಕಿಲೋಮೀಟರ್ ತ್ರಿಜ್ಯದ ಸೂರ್ಯನನ್ನು 15 ಕೋಟಿ ಕಿಲೋಮೀಟರ್ ದೂರದಿಂದ ನೋಡುವ ಕಣ್ಣಿಗೆ ಆ ಪದರವು ಬರಿಯ ಗೆರೆಯಾಗಿ ತೋರುತ್ತದೆ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಮೋಡವನ್ನು ತಪ್ಪಲಿನಿಂದ ನೋಡಿದರೆ ಬಿಳಿಯ ಗೋಡೆಯಂತಿರುತ್ತದೆ. ಬಸ್ಸು ಏರಿ ಅದರೊಳಗೆ ಹೊಕ್ಕಾಗ ಎಲ್ಲಿಯೂ ಗೋಡೆ ಸಿಗದು. ಅಷ್ಟರಿಂದ ಮೋಡವು ಸುಳ್ಳಾಯಿತೆ? ಸೂರ್ಯನ ಅಂಚಿನ ಮಾತೂ ಹೀಗೆಯೆ.

ಆದಕಾರಣ ನಾವು ಹೇಳುವುದಿಷ್ಟೆ: ‘ಗಟ್ಟಿಯೆ?’ ಎಂಬುದು ಒಂದು ಪ್ರಶ್ನೆ, ‘ನಿಜವೆ?’ ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಇಲ್ಲವೆಂದೂ ಎರಡನೆಯದಕ್ಕೆ ಹೌದೆಂದೂ ಮಕ್ಕಳಿಗೆ ಬಿಡಿಸಿ ಹೇಳಬೇಕು. ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸಬಾರದೆಂಬ ಎಚ್ಚರವನ್ನೂ ಜೊತೆಗೇ ಕೊಡಬೇಕು. ನಮ್ಮ ಅಂಗಳದಲ್ಲಿ ಅಡಿಕೆಯನ್ನು ಒಣಗಿಸುವ ಬಿಸಿಲು, ಸುಮಾರು 8 ನಿಮಿಷಗಳ ಹಿಂದೆ, ಯಾರೂ ಕಾಲಿಡಲಾಗದ ಆ ಪದರದಿಂದಲೇ ಹೊರಟು ಬಂದುದು.